ಕರಡಿ ಪಾದದ ಗೆರೆಗಳು ಎಲ್ಲಿ ಹೋದವು: ಕ್ವಿಲ್ಟ್ ವಿನ್ಯಾಸದ ತಂತ್ರಾಂಶ ಮತ್ತು ಅದರ ಹೆಲ್ಪ್ ಫೈಲ್

ಕಳೆದ ಮಳೆಗಾಲದಲ್ಲಿ, ಕಂಪ್ಯೂಟರಿನಲ್ಲಿ ಕ್ವಿಲ್ಟ್ (ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ) ವಿನ್ಯಾಸ ಮಾಡುತ್ತಿದ್ದ ಅಕ್ಕ ಫೋನ್ ಮಾಡಿ, "ಗೆರೆ ಎಳೆದಿದ್ದೆ, ಉಳಿಸಿದ ಕೂಡಲೇ ಎರಡು ಗೆರೆ ಕಾಣೆಯಾದವು" ಎಂದಳು. ದನಿಯಲ್ಲಿ ಸಿಟ್ಟಿಗಿಂತ ಅಪನಂಬಿಕೆಯೇ ಹೆಚ್ಚಾಗಿತ್ತು. ಅವಳು ಕೌದಿಯ ನಡುವೆ ಬೆಳೆದವಳು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಸಾಲು ಸಾಲಾಗಿ ಸೂಜಿ ಓಡಿಸುವ ಆ ಕೆಲಸದಲ್ಲಿ ಹಾಕಿದ ಹೊಲಿಗೆ ತಾನಾಗಿ ಮಾಯವಾಗುವುದಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಏಕೆ ಹೀಗೆ ಎಂಬುದು ಅವಳ ಪ್ರಶ್ನೆ. "ಹೆಲ್ಪ್ ನೋಡಿದೆಯಾ?" ಎಂದು ಕೇಳಿದೆ. "ನೋಡಿದೆ. 'ಗೆರೆ ಕಾಣೆ' ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿದೆ. ಏನೂ ಸಿಗಲಿಲ್ಲ" ಎಂದಳು.

ಉತ್ತರ ಆ ಹೆಲ್ಪ್‌ನಲ್ಲೇ ಇತ್ತು, ಬೇರೆ ಹೆಸರಿನಲ್ಲಿ. ಈ ಲೇಖನವನ್ನು ಬರೆಯಲು ಕಾರಣ ಆ ಬೇರೆ ಹೆಸರು. ತಂತ್ರಾಂಶದ ಜೊತೆ ಬರುವ ಕೈಪಿಡಿಯಾದ ಹೆಲ್ಪ್ ಫೈಲ್ ನಮ್ಮ ಮಾತಿಗೆ ಉತ್ತರಿಸುವುದಿಲ್ಲ, ತಂತ್ರಾಂಶ ತನ್ನ ವಸ್ತುಗಳಿಗೆ ಇಟ್ಟುಕೊಂಡಿರುವ ಹೆಸರುಗಳಿಗೆ ಉತ್ತರಿಸುತ್ತದೆ. ಆ ಹೆಸರುಗಳು ಕೈಗೆ ಬಂದ ದಿನದಿಂದ ಅದು ಕೆಲಸಕ್ಕೆ ಬರುತ್ತದೆ. ಅಲ್ಲಿಯವರೆಗೆ ಎಷ್ಟು ಪುಟ ಓದಿದರೂ ಕೈಗೆ ಹತ್ತುವುದು ಕಡಿಮೆ.

ಅಕ್ಕ ಬಳಸುತ್ತಿದ್ದುದು ಎಲೆಕ್ಟ್ರಿಕ್ ಕ್ವಿಲ್ಟ್ ಎಂಬ ತಂತ್ರಾಂಶದ ಎಂಟನೆಯ ಆವೃತ್ತಿ, ಚಿಕ್ಕದಾಗಿ ಇಕ್ಯೂ8. ಅಮೆರಿಕದ ಒಹಾಯೊ ರಾಜ್ಯದ ಬೌಲಿಂಗ್ ಗ್ರೀನ್ ಊರಿನ ಸಂಸ್ಥೆಯೊಂದು 1991ರಿಂದ ಇದನ್ನು ರೂಪಿಸುತ್ತಾ ಬಂದಿದೆ. ಎಂಟನೆಯ ಆವೃತ್ತಿ ಬಂದದ್ದು 2017ರಲ್ಲಿ. ಅಮೆರಿಕದ ಕ್ವಿಲ್ಟ್ ಪದ್ಧತಿಯಲ್ಲಿ ಹೊದಿಕೆಯನ್ನು ಸಮ ಅಳತೆಯ ಚೌಕಗಳಾಗಿ ಕಟ್ಟುತ್ತಾರೆ. ಪ್ರತಿ ಚೌಕವೂ ಸಣ್ಣ ಸಣ್ಣ ಬಟ್ಟೆಯ ತುಂಡುಗಳ ಜೋಡಣೆ. ಆ ಚೌಕದ ಹೆಸರು ಬ್ಲಾಕ್. ಅಕ್ಕ ಎಳೆಯುತ್ತಿದ್ದ ಬ್ಲಾಕಿಗೆ ಇಂಗ್ಲಿಷಿನಲ್ಲಿ ಬೇರ್ಸ್ ಪಾ, ಕರಡಿಯ ಪಾದ ಎನ್ನುತ್ತಾರೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಪಂಜಗಳು, ಪ್ರತಿ ಪಂಜಕ್ಕೂ ಉಗುರಿನಂಥ ಚೂಪು ತ್ರಿಕೋನಗಳು, ನಡುವೆ ಅಡ್ಡ ಮತ್ತು ಉದ್ದ ಪಟ್ಟಿಗಳು.

ಈ ಬ್ಲಾಕಿನ ಗುಟ್ಟು ಏಳು ಎಂಬ ಸಂಖ್ಯೆಯಲ್ಲಿದೆ. ಒಂದು ಪಂಜಕ್ಕೆ ಮೂರು ಮನೆ, ಪಟ್ಟಿಗೆ ಒಂದು ಮನೆ, ಇನ್ನೊಂದು ಪಂಜಕ್ಕೆ ಮತ್ತೆ ಮೂರು ಮನೆ. ಬ್ಲಾಕನ್ನು 14 ಇಂಚಿನದಾಗಿ ಮಾಡಿದರೆ ಒಂದು ಮನೆ ಸರಿಯಾಗಿ 2 ಇಂಚು. ತಂತ್ರಾಂಶದಲ್ಲಿ ಗೆರೆ ಎಳೆಯುವಾಗ ಅದರ ತುದಿ ಕಣ್ಣಿಗೆ ಕಾಣದ ಬಿಂದುಗಳಿಗೆ ಹಾರಿ ಕೂರುತ್ತದೆ. ರಂಗೋಲಿಯ ಚುಕ್ಕಿಗಳ ಹಾಗೆ. ಇದಕ್ಕೆ ಅಲ್ಲಿನ ಹೆಸರು ಸ್ನ್ಯಾಪ್. ಅಕ್ಕನ ಬ್ಲಾಕಿನಲ್ಲಿ ಅಡ್ಡಕ್ಕೆ 24, ಉದ್ದಕ್ಕೆ 24 ಸ್ನ್ಯಾಪ್ ಇದ್ದವು. 24ನ್ನು ಏಳರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. 14 ಇಂಚಿನಲ್ಲಿ 24 ಸ್ನ್ಯಾಪ್ ಎಂದರೆ ಒಂದೊಂದಕ್ಕೂ ಸುಮಾರು 0.58 ಇಂಚು. 2 ಇಂಚಿನ ಜಾಗದಲ್ಲಿ ಚುಕ್ಕಿಯೇ ಇಲ್ಲ. ಗೆರೆ 1.75ಕ್ಕೆ ಬೀಳುತ್ತದೆ, ಇಲ್ಲವೇ 2.33ಕ್ಕೆ. ಏಳು ಚುಕ್ಕಿಯ ರಂಗೋಲಿಯನ್ನು ಎಂಟು ಚುಕ್ಕಿ ಇಟ್ಟ ಅಂಗಳದಲ್ಲಿ ಹಾಕಲು ಹೊರಟಂತೆ.

ಗೆರೆ ಬೇಕಾದಲ್ಲಿ ಕೂರದಿದ್ದಾಗ ಅಕ್ಕ ಸ್ನ್ಯಾಪ್ ಅನ್ನೇ ತೆಗೆದುಹಾಕಿ ಕಣ್ಣಳತೆಯಲ್ಲಿ ಎಳೆದಳು. ಕೈಕೆಲಸದವರು ಮೊದಲು ನಂಬುವುದು ಕಣ್ಣನ್ನೇ ಅಲ್ಲವೇ. ಆದರೆ ಆ ಗೆರೆಗಳ ತುದಿ ಎದುರಿನ ಗೆರೆಯನ್ನು ಮುಟ್ಟಲಿಲ್ಲ, ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಗೆರೆ ಎಳೆದು ಬ್ಲಾಕ್ ರಚಿಸುವ ಈ ತಂತ್ರಾಂಶದ ಈಸಿಡ್ರಾ ವಿಧಾನದಲ್ಲಿ ಒಂದು ತುದಿಯಾದರೂ ಬೇರೆ ಗೆರೆಗೆ ಅಥವಾ ಬ್ಲಾಕಿನ ಅಂಚಿಗೆ ಕೂಡದ ಗೆರೆ, ಬ್ಲಾಕನ್ನು ಸ್ಕೆಚ್‌ಬುಕ್ಕಿಗೆ, ಅಂದರೆ ವಿನ್ಯಾಸಗಳನ್ನು ಎತ್ತಿಡುವ ಜಾಗಕ್ಕೆ, ಸೇರಿಸುವ ಹೊತ್ತಿಗೆ ಅಳಿದುಹೋಗುತ್ತದೆ. ಇದು ದೋಷವಲ್ಲ, ನಿಯಮ. ಅರ್ಧಕ್ಕೆ ನಿಂತ ಗೆರೆಯ ಉದ್ದಕ್ಕೆ ಬಟ್ಟೆಯನ್ನು ಕತ್ತರಿಸಿ ಜೋಡಿಸಲು ಆಗುವುದಿಲ್ಲ. ಹೊಲಿಯಲಾಗದ ಗೆರೆಯನ್ನು ಅದು ಉಳಿಸಿಕೊಳ್ಳುವುದಿಲ್ಲ. ಕಾರಣ ತಿಳಿದ ಕೂಡಲೇ ಅಕ್ಕನಿಗೆ ಸಮಾಧಾನವಾಯಿತು. ಸ್ನ್ಯಾಪ್ ಸಂಖ್ಯೆಯನ್ನು ಏಳರ ಮಗ್ಗಿಗೆ, 28ಕ್ಕೆ ಬದಲಿಸಿದಳು. ಒಂದೊಂದು ಮನೆಗೂ ನಾಲ್ಕು ಚುಕ್ಕಿ ಸಿಕ್ಕವು, ಗೆರೆಗಳು ಕೂತವು.

ಈಗ ಅವಳ ಹುಡುಕಾಟಕ್ಕೆ ಬರೋಣ. ಈ ವಿಷಯ ಹೆಲ್ಪ್‌ನಲ್ಲಿ ಇರುವುದು ಸ್ನ್ಯಾಪ್, ಗ್ರಿಡ್, ಈಸಿಡ್ರಾ ಎಂಬ ಹೆಸರುಗಳ ಕೆಳಗೆ. 'ಕಾಣೆ' ಎಂಬುದು ಅನುಭವಿಸಿದವರ ಪದ. ಬರೆದವರು ಕುಳಿತಿದ್ದುದು ತಂತ್ರಾಂಶದ ಒಳಗೆ. ಅವರ ಕಣ್ಣಿಗೆ ಯಾವುದೂ ಕಾಣೆಯಾಗಿರಲಿಲ್ಲ, 'ಕೂಡಿರಲಿಲ್ಲ' ಅಷ್ಟೇ. ಹಾಗಾದರೆ ಹೊಸಬರಿಗೆ ಆ ಹೆಸರು ಗೊತ್ತಾಗುವುದು ಹೇಗೆ? ಹೆಸರುಗಳು ಪರದೆಯ ಮೇಲೇ ಬರೆದಿರುತ್ತವೆ. ಯಾವ ಗುಂಡಿ ಒತ್ತಿದೆವೋ ಅದರ ಮೇಲೆ ಮೌಸ್ ಸೂಚಿಯನ್ನು ಅರೆಕ್ಷಣ ನಿಲ್ಲಿಸಿದರೆ ಬಹುತೇಕ ತಂತ್ರಾಂಶಗಳಲ್ಲಿ ಒಂದು ಸಣ್ಣ ಚೀಟಿ ತೇಲಿ ಬಂದು ಹೆಸರು ಹೇಳುತ್ತದೆ. ತೆರೆದಿರುವ ಕಿಟಕಿಯ ನೆತ್ತಿಯ ಮೇಲೆ ಹೆಸರಿದೆ. ಸಂಖ್ಯೆ ತುಂಬುವ ಚೌಕದ ಪಕ್ಕದಲ್ಲಿ ಹೆಸರಿದೆ. ತೊಂದರೆ ಎದುರಾದಾಗ ಹೆಲ್ಪ್ ತೆರೆಯುವ ಮೊದಲು ಮಾಡಬೇಕಾದ ಕೆಲಸ ಇದು: ನಾನು ಈಗ ಯಾವ ಮೇಜಿನಲ್ಲಿದ್ದೇನೆ, ಯಾವ ಸಾಧನ ಹಿಡಿದಿದ್ದೇನೆ, ಯಾವ ಚೌಕದಲ್ಲಿ ಸಂಖ್ಯೆ ಬದಲಿಸಿದೆ ಎಂದು ಮೂರು ಹೆಸರು ಬರೆದುಕೊಳ್ಳುವುದು. ಆ ಮೂರರಲ್ಲಿ ಒಂದು, ಬೇಕಾದ ಪುಟದ ಬಾಗಿಲು ತೆರೆಯುತ್ತದೆ.

ಮೇಜು ಎಂದದ್ದು ಇಕ್ಯೂ8ರ ಮಟ್ಟಿಗೆ ಅಕ್ಷರಶಃ ನಿಜ. ಅಲ್ಲಿ ಕೆಲಸದ ಮೇಜುಗಳು ಮೂರು: ಕ್ವಿಲ್ಟ್ ವರ್ಕ್‌ಟೇಬಲ್, ಬ್ಲಾಕ್ ವರ್ಕ್‌ಟೇಬಲ್, ಇಮೇಜ್ ವರ್ಕ್‌ಟೇಬಲ್. ಹೊದಿಕೆಯ ಇಡೀ ವಿನ್ಯಾಸ ಒಂದರಲ್ಲಿ, ಒಂದು ಚೌಕದ ವಿನ್ಯಾಸ ಇನ್ನೊಂದರಲ್ಲಿ, ಫೋಟೊ ಕೆಲಸ ಮೂರನೆಯದರಲ್ಲಿ. ಮೇಜಿನ ಮೇಲಿರುವುದು ನಮ್ಮದಾಗಿಲ್ಲ. ಅದನ್ನು ಪ್ರಾಜೆಕ್ಟ್ ಸ್ಕೆಚ್‌ಬುಕ್ಕಿಗೆ ಸೇರಿಸಿದ ಮೇಲೆ ನಮ್ಮದು. ಆ ಸ್ಕೆಚ್‌ಬುಕ್ ಇರುವ ಪ್ರಾಜೆಕ್ಟನ್ನು ಕಡತವಾಗಿ ಉಳಿಸುವುದು ಮತ್ತೂ ಬೇರೆಯ ಹೆಜ್ಜೆ. ಹೊಲಿಗೆಯವರ ಮನೆಯಲ್ಲಿ ಹೀಗೆಯೇ ಅಲ್ಲವೇ? ಮೇಜಿನ ಮೇಲೆ ಕತ್ತರಿಸಿದ ತುಂಡು, ಪೆಟ್ಟಿಗೆಯೊಳಗೆ ಎತ್ತಿಟ್ಟ ತುಂಡು, ಬೀರುವಿಗೆ ಸೇರಿಸಿದ ಪೆಟ್ಟಿಗೆ. ಹೊಸಬರ ಬಹುಪಾಲು ಸಂಕಟ ಹುಟ್ಟುವುದು ಈ ಮೂರು ಜಾಗಗಳನ್ನು ಒಂದೇ ಎಂದುಕೊಳ್ಳುವುದರಿಂದ. ಈ ನಕ್ಷೆಯನ್ನು ಯಾವ 'ಹೀಗೆ ಮಾಡಿ' ಪುಟವೂ ಬಿಡಿಸಿ ಹೇಳುವುದಿಲ್ಲ, ಏಕೆಂದರೆ ಆ ಪುಟಗಳು ನಿಮಗೆ ನಕ್ಷೆ ಗೊತ್ತಿದೆ ಎಂದೇ ಶುರುವಾಗುತ್ತವೆ.

ಹೆಲ್ಪ್‌ನ ಪುಟಗಳೆಲ್ಲ ಒಂದೇ ಜಾತಿಯವಲ್ಲ ಎಂಬುದು ಇಲ್ಲಿಂದ ತಿಳಿಯುತ್ತದೆ. ಒಂದು ಬಗೆಯ ಪುಟ ಹೆಜ್ಜೆ ಹೆಜ್ಜೆಯಾಗಿ ಮಾಡುವ ಬಗೆ ಹೇಳುತ್ತದೆ. ಇನ್ನೊಂದು ಬಗೆ, ಒಂದು ಕಿಟಕಿಯಲ್ಲಿರುವ ಪ್ರತಿ ಗುಂಡಿ, ಪ್ರತಿ ಚೌಕ ಏನೆಂದು ಪಟ್ಟಿ ಕೊಡುತ್ತದೆ. ಮೂರನೆಯದು, ಸಂಖ್ಯೆಯಲ್ಲಿ ಅತಿ ಕಡಿಮೆ ಇರುವುದು, ಸಂಗತಿ ಏನು, ಏಕೆ ಹೀಗಿದೆ ಎಂದು ವಿವರಿಸುತ್ತದೆ. ಅವಸರದಲ್ಲಿ ನಾವು ಯಾವಾಗಲೂ ಮೊದಲನೆಯದಕ್ಕೇ ಹೋಗುತ್ತೇವೆ. ನನ್ನ ಅನುಭವದಲ್ಲಿ ಹೆಚ್ಚು ಕೊಡುವುದು ಮೂರನೆಯದು. ಹೊಸ ತಂತ್ರಾಂಶ ಹಾಕಿಕೊಂಡ ಮೊದಲ ವಾರದಲ್ಲಿ ಅಂಥ ಪುಟಗಳನ್ನು ಮಾತ್ರ ಹುಡುಕಿ, ಕಾಫಿ ಕುಡಿಯುತ್ತ ಕಥೆ ಓದಿದಂತೆ ಓದಿಬಿಡಬೇಕು. ಪರಿವಿಡಿಯಲ್ಲಿ ಅವು ಸಾಮಾನ್ಯವಾಗಿ 'ಪರಿಚಯ', 'ಮೂಲಸಂಗತಿ' ಎಂಬ ಅರ್ಥದ ಶೀರ್ಷಿಕೆಗಳ ಕೆಳಗಿರುತ್ತವೆ, ಹಾಗಾಗಿಯೇ ಎಲ್ಲರೂ ದಾಟಿಹೋಗುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಕ್ವಿಲ್ಟ್ ವರ್ಕ್‌ಟೇಬಲ್ಲಿನಲ್ಲಿ ಮೂರು ಪದರಗಳಿವೆ. ಒಂದನೆಯದು ಜೋಡಿಸಿ ಹೊಲಿಯುವ ಬ್ಲಾಕುಗಳಿಗೆ, ಎರಡನೆಯದು ಮೇಲೆ ಅಂಟಿಸಿ ಹೊಲಿಯುವ ಅಪ್ಲಿಕ್ ಚಿತ್ರಗಳಿಗೆ, ಮೂರನೆಯದು ಹೊದಿಕೆಯ ಪದರಗಳನ್ನು ಒಂದುಗೂಡಿಸುವ ಕ್ವಿಲ್ಟಿಂಗ್ ಹೊಲಿಗೆಯ ದಾರಕ್ಕೆ. ನಾನು ಎರಡನೆಯ ಪದರದಲ್ಲಿ ಹೂವೊಂದನ್ನು ಇಟ್ಟು, ಮತ್ತೆ ಒಂದನೆಯ ಪದರಕ್ಕೆ ಬಂದು, ಆ ಹೂವನ್ನು ಸರಿಸಲು ಅರ್ಧ ಗಂಟೆ ಒದ್ದಾಡಿದ್ದೆ. ಹೂವು ಕಣ್ಣೆದುರೇ ಇತ್ತು, ಕೈಗೆ ಸಿಗುತ್ತಿರಲಿಲ್ಲ. 'ಹೂವನ್ನು ಸರಿಸುವುದು ಹೇಗೆ' ಎಂಬ ಪುಟವನ್ನು ನಾಲ್ಕು ಸಲ ಓದಿದೆ. ಅದರಲ್ಲಿದ್ದ ಪ್ರತಿ ಹೆಜ್ಜೆಯೂ ಸರಿಯಾಗಿತ್ತು, ಪದರದ ಮಾತನ್ನು ಅದು ಮೊದಲೇ ಗೊತ್ತಿರುವ ಸಂಗತಿಯೆಂದು ಬಿಟ್ಟಿತ್ತು. ಪದರ ಎಂದರೇನು ಎಂಬ ಎಂಟು ಸಾಲಿನ ಪುಟ ಓದಿದ್ದರೆ ಒಂದು ನಿಮಿಷದ ಕೆಲಸ. ಕಿಟಕಿಯ ಗಾಜಿನ ಆಚೆಗಿರುವ ಹೂವನ್ನು ಈಚೆಯಿಂದ ಕೀಳಲು ಬರುವುದಿಲ್ಲ.

ಇನ್ನು ಪುಟವನ್ನು ತಲುಪುವ ದಾರಿಗಳು. ಹೆಲ್ಪ್‌ಗೆ ಸಾಮಾನ್ಯವಾಗಿ ಮೂರು ಬಾಗಿಲು: ಪರಿವಿಡಿ, ಪದಸೂಚಿ, ಹುಡುಕಾಟ. ಈ ಕಾಲದಲ್ಲಿ ಎಲ್ಲರೂ ನುಗ್ಗುವುದು ಹುಡುಕಾಟದ ಚೌಕಕ್ಕೆ. ನಾನು ಮೊದಲು ಪದಸೂಚಿಯ ಬಳಿಗೆ ಹೋಗಿ ಎನ್ನುತ್ತೇನೆ. ಕಾರಣ ಸರಳ. ಹುಡುಕಾಟವು ಬರೆದ ಅಕ್ಷರಗಳನ್ನು ಹಾಗೆಯೇ ಪುಟಗಳಲ್ಲಿ ಅರಸುತ್ತದೆ. 'ಗೆರೆ' ಎಂದರೆ ಗೆರೆ ಎಂಬ ಮಾತು ಬಂದ ನೂರು ಪುಟ ತಂದು ಸುರಿಯುತ್ತದೆ. ಒಳ್ಳೆಯ ಪದಸೂಚಿಯನ್ನು ಮಾತ್ರ ಮನುಷ್ಯರೊಬ್ಬರು ಕುಳಿತು ಮಾಡಿರುತ್ತಾರೆ. ಓದುಗರು ಇದನ್ನು ಬೇರೆ ಏನೆಂದು ಕರೆಯಬಹುದು ಎಂದು ಯೋಚಿಸಿ, ಆ ಪದದಿಂದ ಈ ಪದಕ್ಕೆ ದಾರಿ ತೋರಿಸಿರುತ್ತಾರೆ. 'ಇದನ್ನೂ ನೋಡಿ' ಎಂಬ ಸೂಚನೆಯಲ್ಲಿ ಬರೆದವರ ತಲೆಯೊಳಗಿನ ಜೋಡಣೆ ಕಾಣಿಸುತ್ತದೆ. ಪದಸೂಚಿಯನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ಸುಮ್ಮನೆ ಓದಿ. ತಂತ್ರಾಂಶ ಏನೇನು ಮಾಡಬಲ್ಲದು ಎಂಬ ಪಟ್ಟಿಯೇ ಅದು. ಕೇಳಬೇಕೆಂದು ನಿಮಗೆ ಹೊಳೆಯದ ಪ್ರಶ್ನೆಗಳೂ ಅಲ್ಲಿ ಸಿಗುತ್ತವೆ. ಪದಸೂಚಿ ಇಲ್ಲದ ಹೆಲ್ಪ್ ಆದರೆ, ಕೈಪಿಡಿಯ ಪಿಡಿಎಫ್ ಪ್ರತಿ ಸಿಗುತ್ತದೆಯೇ ನೋಡಿ. ಅದರ ಕೊನೆಯಲ್ಲಿ ಪದಸೂಚಿ ಇರುವ ಸಾಧ್ಯತೆ ಹೆಚ್ಚು.

ಹೆಸರಿನ ತೊಡಕು ತಂತ್ರಾಂಶಕ್ಕಷ್ಟೇ ಸೇರಿದ್ದಲ್ಲ, ಕ್ವಿಲ್ಟಿನ ಲೋಕದ್ದೇ ಹಳೆಯ ತೊಡಕು. ಚರ್ನ್ ಡ್ಯಾಶ್ ಎಂಬ ಬ್ಲಾಕನ್ನೇ ಮಂಕಿ ರೆಂಚ್ ಎಂದೂ, ಹೋಲ್ ಇನ್ ದ ಬಾರ್ನ್ ಡೋರ್ ಎಂದೂ ಕರೆಯುತ್ತಾರೆ. ಮಜ್ಜಿಗೆ ಕಡೆಯುವ ಕಡೆಗೋಲು ಒಬ್ಬರ ಕಣ್ಣಿಗೆ, ಇನ್ನೊಬ್ಬರಿಗೆ ಸ್ಪ್ಯಾನರ್, ಮತ್ತೊಬ್ಬರಿಗೆ ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದ ತೂತು. ಊರಿಂದ ಊರಿಗೆ ಒಂದೇ ಪಲ್ಯಕ್ಕೆ ಬೇರೆ ಹೆಸರಿರುವಂತೆಯೇ. ಈ ಗೊಂದಲ ಬಿಡಿಸಲು ಬಾರ್ಬರಾ ಬ್ರಾಕ್ಮನ್ ಎಂಬ ಅಮೆರಿಕದ ಕ್ವಿಲ್ಟ್ ಇತಿಹಾಸಕಾರ್ತಿ ನಾಲ್ಕು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಸಂಗ್ರಹಿಸಿ, ಹೆಸರಿನ ಬದಲು ರಚನೆಯ ಮೇಲೆ ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಅವರ ಆ ಕೋಶವನ್ನು ಆಧರಿಸಿ ಬ್ಲಾಕ್‌ಬೇಸ್ ಎಂಬ ತಂತ್ರಾಂಶವೂ ಬಂತು. ಇಕ್ಯೂ8ರ ಗ್ರಂಥಾಲಯದಲ್ಲಿ ಸಾವಿರಾರು ಬ್ಲಾಕುಗಳಿವೆ. ಅಲ್ಲಿ ಹೆಸರಿನಿಂದ ಹುಡುಕಿ ಸಿಗಲಿಲ್ಲವೆಂದು ಅದು ಇಲ್ಲವೆಂದುಕೊಳ್ಳಬೇಡಿ. ನಾಲ್ಕು ಮನೆಯದೋ, ಒಂಬತ್ತು ಮನೆಯದೋ, ನಕ್ಷತ್ರದ ಜಾತಿಯದೋ ಎಂದು ವರ್ಗದಿಂದ ಒಳಗೆ ಹೋದರೆ ಕಣ್ಣೇ ಗುರುತು ಹಿಡಿಯುತ್ತದೆ. ಹೆಲ್ಪ್‌ಗೂ ಇದೇ ಮಾತು ಅನ್ವಯಿಸುತ್ತದೆ: ಪದ ಸಿಗದಿದ್ದರೆ ಪರಿವಿಡಿಯ ಅಧ್ಯಾಯದಿಂದ ಇಳಿಯಿರಿ.

ಹೆಲ್ಪ್ ಓದದೆ ಯಾವ ರೀತಿಯಿಂದಲೂ ತಿಳಿಯದ ಸಂಗತಿಗಳೂ ಇವೆ. ಗುಂಡಿಗಳು ಕಣ್ಣಿಗೆ ಕಾಣುತ್ತವೆ, ಕೀಲಿಗಳ ಜೊತೆ ಕ್ಲಿಕ್ ಮಾಡುವುದು ಕಾಣುವುದಿಲ್ಲ. ಹೊದಿಕೆಯಲ್ಲಿ ಬ್ಲಾಕುಗಳನ್ನು ಕೂರಿಸುವಾಗ ಬರಿಯ ಕ್ಲಿಕ್ಕಿಗೆ ಒಂದು ಜಾಗ ತುಂಬುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಕೀಲಿ ಒತ್ತಿ ಕ್ಲಿಕ್ ಮಾಡಿದರೆ ಅದೇ ಬಗೆಯ ಎಲ್ಲ ಜಾಗಗಳೂ ತುಂಬುತ್ತವೆ. ಆಲ್ಟ್ ಕೀಲಿ ಒತ್ತಿ ಮಾಡಿದರೆ ಒಂದು ಬಿಟ್ಟು ಒಂದು. ಎಂಬತ್ತು ಬ್ಲಾಕುಗಳ ಹೊದಿಕೆಯನ್ನು ಎಂಬತ್ತು ಕ್ಲಿಕ್ಕಿನಲ್ಲಿ ತುಂಬಿದವರನ್ನು ನಾನು ಕಂಡಿದ್ದೇನೆ, ಅವರ ಶ್ರಮ ನೋಡಿ ಸಂಕಟವಾಗಿದೆ. ಆದ್ದರಿಂದ ಪ್ರತಿ ಸಾಧನದ ವಿವರಣೆಯ ಪುಟದಲ್ಲಿ ಕೀಲಿಗಳ ಹೆಸರು ಬಂದಲ್ಲೆಲ್ಲ ಗುರುತು ಮಾಡಿಕೊಳ್ಳಿ. ಪುಟದ ಕೊನೆಯಲ್ಲಿ ಬೇರೆ ಬಣ್ಣದ ಚೌಕದೊಳಗೆ 'ಸೂಚನೆ', 'ಕಿವಿಮಾತು' ಎಂದು ಕೊಟ್ಟಿರುವ ಸಾಲುಗಳನ್ನು ಬಿಡಬೇಡಿ. ಬೇರೆಯವರು ಎಡವಿ ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಅವು ಸೇರಿಕೊಂಡಿರುವುದುಂಟು.

ಎಫ್1 ಕೀಲಿಯನ್ನು ಮರೆತವರೇ ಹೆಚ್ಚು. ಅನೇಕ ತಂತ್ರಾಂಶಗಳಲ್ಲಿ ಕಿಟಕಿಯೊಂದು ತೆರೆದಿರುವಾಗ ಅದನ್ನು ಒತ್ತಿದರೆ ಆ ಕಿಟಕಿಗೆ ಸೇರಿದ ಪುಟವೇ ತೆರೆಯುತ್ತದೆ. ಹೆಸರು ಹುಡುಕುವ ಶ್ರಮವೇ ಇಲ್ಲ. ಒಮ್ಮೆ ಒತ್ತಿ ನೋಡುವುದರಿಂದ ಏನೂ ಕೆಡುವುದಿಲ್ಲ.

ಹಳೆಯ ತಂತ್ರಾಂಶ ಇಟ್ಟುಕೊಂಡವರಿಗೆ ಬೇರೊಂದು ಕಷ್ಟ: ಹೆಲ್ಪ್ ಫೈಲ್ ತೆರೆಯುವುದೇ ಇಲ್ಲ. ಇದರ ಹಿಂದೆ ಒಂದು ಸಣ್ಣ ಚರಿತ್ರೆ ಇದೆ. ವಿಂಡೋಸ್ 3.0 ಬಂದ 1990ರಲ್ಲಿ ವಿನ್‌ಹೆಲ್ಪ್ ಎಂಬ ರೂಪ ಬಂತು. ಆ ಕಡತಗಳ ಹೆಸರಿನ ಬಾಲ ಎಚ್‌ಎಲ್‌ಪಿ. 1997ರಲ್ಲಿ ಮೈಕ್ರೋಸಾಫ್ಟ್ ಅದರ ಬದಲಿಗೆ ಸಿಎಚ್‌ಎಂ ರೂಪ ತಂದಿತು. ವಿಂಡೋಸ್ ವಿಸ್ತಾ ಆವೃತ್ತಿಯ ಕಾಲಕ್ಕೆ ಹಳೆಯದನ್ನು ತೆರೆಯುವ ಸಾಧನವನ್ನು ವಿಂಡೋಸ್ ಜೊತೆ ಕೊಡುವುದನ್ನೇ ನಿಲ್ಲಿಸಿತು. ಹೀಗಾಗಿ ಇಪ್ಪತ್ತೈದು ವರ್ಷ ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ಹೇಗೋ ಓಡಿದರೂ ಅದರ ಹೆಲ್ಪ್ ಮೌನವಾಗಿರುತ್ತದೆ. ಸಿಎಚ್‌ಎಂ ಕಡತದ ಕಥೆ ಬೇರೆ. ಅಂತರ್ಜಾಲದಿಂದ ಇಳಿಸಿಕೊಂಡದ್ದಾದರೆ ಎಡಭಾಗದಲ್ಲಿ ಪರಿವಿಡಿ ಕಾಣುತ್ತದೆ, ಬಲಭಾಗ ಖಾಲಿ ಉಳಿಯುತ್ತದೆ. ಕಡತ ಹಾಳಾಗಿದೆ ಎಂದು ಅಳಿಸಬೇಡಿ. ವಿಂಡೋಸ್ ಸುರಕ್ಷತೆಗಾಗಿ ಅದನ್ನು ತಡೆಹಿಡಿದಿದೆ ಅಷ್ಟೇ. ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಕೆಳಗೆ ಅನ್‌ಬ್ಲಾಕ್ ಎಂಬ ಚೌಕವಿರುತ್ತದೆ. ಗುರುತು ಹಾಕಿ ಒಪ್ಪಿದರೆ ಪುಟಗಳು ಮರಳುತ್ತವೆ. ನಂಬಿಕಸ್ಥ ಮೂಲದಿಂದ ಬಂದ ಕಡತಕ್ಕೆ ಮಾತ್ರ ಹೀಗೆ ಮಾಡಿ. ಕಚೇರಿಯ ಹಂಚಿಕೆಯ ಡ್ರೈವ್‌ನಲ್ಲಿದ್ದರೆ ಮೊದಲು ನಿಮ್ಮ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ.

ಆವೃತ್ತಿಯ ಕಡೆಗೂ ಗಮನವಿರಲಿ. ಇಕ್ಯೂ7ರಲ್ಲಿ ಸಾಧನಗಳ ಸಾಲುಗಳಿದ್ದ ಕಡೆ ಇಕ್ಯೂ8ರಲ್ಲಿ ಮೇಲ್ಗಡೆ ರಿಬ್ಬನ್ ಎಂಬ ಅಗಲವಾದ ಗುಂಡಿಗಳ ಪಟ್ಟಿ ಬಂದಿದೆ. ಹಳೆಯದರ ಪಾಠ ಹಿಡಿದು ಹೊಸದರಲ್ಲಿ ಹುಡುಕುವವರಿಗೆ ಹೇಳಿದ ಜಾಗದಲ್ಲಿ ಗುಂಡಿ ಇರುವುದಿಲ್ಲ. ಮಾತು ಸರಿಯಿದ್ದೂ ವಿಳಾಸ ತಪ್ಪಿದಂತಾಗುತ್ತದೆ.

ಕನ್ನಡದಲ್ಲಿ ಓದುವವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆಯದು. ಈ ಹೆಲ್ಪ್ ಇರುವುದು ಇಂಗ್ಲಿಷಿನಲ್ಲಿ. ಯಂತ್ರಾನುವಾದ ಮಾಡಿಸಿಕೊಂಡು ಓದುವುದು ತಪ್ಪಲ್ಲ, ನಾನೂ ಅಕ್ಕನಿಗೆ ಹಾಗೆ ಓದು ಎಂದಿದ್ದೆ. ಆದರೆ ಹೊಲಿಗೆಯ ಪದಗಳಿಗೆಲ್ಲ ಇಂಗ್ಲಿಷಿನಲ್ಲಿ ಇನ್ನೊಂದು ಅರ್ಥವಿದೆ, ಯಂತ್ರ ಆ ಇನ್ನೊಂದನ್ನೇ ಹಿಡಿಯಬಹುದು. ಬ್ಲಾಕ್ ಎಂಬುದು ತಡೆಯಾಗುತ್ತದೆ. ಬಾರ್ಡರ್ ದೇಶದ ಗಡಿಯಾಗುತ್ತದೆ. ಬೈಂಡಿಂಗ್, ಅಂದರೆ ಹೊದಿಕೆಯ ಸುತ್ತ ಮಡಚಿ ಹೊಲಿಯುವ ಅಂಚುಪಟ್ಟಿ, ಬಂಧನವಾಗುತ್ತದೆ. ಮೇಲಿನ ಮತ್ತು ಕೆಳಗಿನ ಬಟ್ಟೆಗಳ ನಡುವೆ ತುಂಬುವ ಹತ್ತಿಯ ಪದರಕ್ಕೆ ಬ್ಯಾಟಿಂಗ್ ಎನ್ನುತ್ತಾರೆ. ಕ್ರಿಕೆಟ್ ನಾಡಿನಲ್ಲಿ ಅದು ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ, ಪದಗಳನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡು ವಾಕ್ಯಗಳನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದು. ಅದಕ್ಕೆ ಮೊದಲು ಹೆಲ್ಪ್‌ನ ಪದಕೋಶದ ಪುಟ ತೆರೆದು, ಒಂದೊಂದು ಪದದ ಎದುರು ನಮ್ಮ ಹೊಲಿಗೆಯ ಮಾತಿನಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಬೇಕು. ಸೀಮ್ ಅಲೋಯನ್ಸ್: ಹೊಲಿಗೆಗೆಂದು ಬಿಡುವ ಅಂಚು, ಕ್ವಿಲ್ಟಿಗೆ ಕಾಲು ಇಂಚು. ಸ್ಯಾಶಿಂಗ್: ಬ್ಲಾಕು ಬ್ಲಾಕುಗಳ ನಡುವೆ ಬರುವ ಪಟ್ಟಿ. ಫಿನಿಶ್ಡ್ ಸೈಜ್: ಹೊಲಿದಾದ ಮೇಲೆ ಕಣ್ಣಿಗೆ ಕಾಣುವ ಅಳತೆ.

ಈ ಕೊನೆಯದನ್ನು ಬಿಡಿಸಿ ಹೇಳಲೇಬೇಕು. ತಂತ್ರಾಂಶದಲ್ಲಿ ನಾವು ಕೊಡುವ ಬ್ಲಾಕಿನ ಅಳತೆ ಹೊಲಿದಾದ ಮೇಲಿನದು. ಕತ್ತರಿಸುವ ಅಳತೆ ಅದಕ್ಕಿಂತ ದೊಡ್ಡದು. ಚೌಕಕ್ಕೆ ಎರಡು ಬದಿಯೂ ಕಾಲು ಕಾಲು ಇಂಚು ಸೇರಿ ಅರ್ಧ ಇಂಚು ಹೆಚ್ಚು. ಚೌಕವನ್ನು ಓರೆಯಾಗಿ ಎರಡು ತ್ರಿಕೋನ ಮಾಡುವುದಾದರೆ ಎಂಟರಲ್ಲಿ ಏಳು ಭಾಗ ಇಂಚು ಹೆಚ್ಚು. ಓರೆಯ ಬದಿಗೂ ಅಂಚು ಬಿಡಬೇಕಲ್ಲ. ಅಕ್ಕನ ಕರಡಿ ಪಾದದಲ್ಲಿ ಪಂಜದ ದೊಡ್ಡ ಚೌಕ 4 ಇಂಚು, ಕತ್ತರಿಸುವುದು 4½. ನಡುವಿನ ಪುಟ್ಟ ಚೌಕ ಮತ್ತು ಮೂಲೆಗಳು 2 ಇಂಚು, ಕತ್ತರಿಸುವುದು 2½. ಪಟ್ಟಿಗಳು 2½ ಅಗಲ, 6½ ಉದ್ದ. ಉಗುರಿನ ತ್ರಿಕೋನಗಳಿಗೆ 2⅞ ಇಂಚಿನ ಚೌಕಗಳನ್ನು ಕತ್ತರಿಸಿ ಓರೆಯಾಗಿ ಎರಡು ಮಾಡಬೇಕು. ತಂತ್ರಾಂಶ ಈ ಪಟ್ಟಿಯನ್ನು ತಾನೇ ಮುದ್ರಿಸಿ ಕೊಡುತ್ತದೆ. ಆದರೂ ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿದವರಿಗೆ ಹೆಲ್ಪ್‌ನ ಮುದ್ರಣದ ಅಧ್ಯಾಯ ತಾನಾಗಿ ಅರ್ಥವಾಗುತ್ತದೆ.

ಮುದ್ರಣದ ಅಧ್ಯಾಯವನ್ನಂತೂ ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಓದಿರಬೇಕು. ಅಮೆರಿಕದ ಕಾಗದ ಎಂಟೂವರೆ ಇಂಚು ಅಗಲ, ನಮ್ಮ ಎ4 ಸುಮಾರು 8.27 ಇಂಚು. ಪುಟಕ್ಕೆ ಹೊಂದಿಸು ಎಂಬ ಆಯ್ಕೆ ಇದ್ದರೆ ಪ್ರಿಂಟರ್ ಸದ್ದಿಲ್ಲದೆ ಎಲ್ಲವನ್ನೂ ಕುಗ್ಗಿಸುತ್ತದೆ. 6 ಇಂಚಿನ ಪಂಜ 5.84 ಇಂಚಾಗಿ ಬರುತ್ತದೆ. ಕಾಗದ ನೋಡಿದರೆ ಗೊತ್ತಾಗುವುದಿಲ್ಲ, ಹೊಲಿದು ಜೋಡಿಸುವಾಗ ಪಕ್ಕದ ಬ್ಲಾಕಿಗೆ ಹೊಂದುವುದಿಲ್ಲ. ನೂರಕ್ಕೆ ನೂರು ಅಳತೆಯಲ್ಲಿ ಮುದ್ರಿಸಿ, ಸ್ಕೇಲ್ ಇಟ್ಟು ಒಂದು ಗೆರೆಯನ್ನು ಅಳೆದ ಮೇಲೆಯೇ ಕತ್ತರಿ ಹಿಡಿಯಿರಿ. ಕಾಗದದ ಮೇಲೇ ಬಟ್ಟೆ ಇಟ್ಟು ಹೊಲಿಯುವ ಫೌಂಡೇಶನ್ ವಿಧಾನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೆರೆ ಒಂದು ಮಗ್ಗುಲಿಗೆ, ಬಟ್ಟೆ ಇನ್ನೊಂದು ಮಗ್ಗುಲಿಗೆ. ಹೊಲಿದು ತಿರುಗಿಸಿದಾಗ ಎಡ ಬಲವಾಗಿರುತ್ತದೆ. ಕರಡಿ ಪಾದದಂಥ ಎರಡೂ ಕಡೆ ಒಂದೇ ಆಗಿರುವ ಬ್ಲಾಕಿಗೆ ತೊಂದರೆಯಿಲ್ಲ, ಅಕ್ಷರವನ್ನೋ ಹಕ್ಕಿಯನ್ನೋ ಹೊಲಿಯುವವರು ಕನ್ನಡಿ ಬಿಂಬದ ಆಯ್ಕೆಯ ಬಗ್ಗೆ ಹೆಲ್ಪ್ ಏನು ಹೇಳುತ್ತದೆಂದು ನೋಡಲೇಬೇಕು.

ಹೆಲ್ಪ್ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಅದು ತಂತ್ರಾಂಶವನ್ನು ಬಲ್ಲದು, ನಿಮ್ಮ ಕೈಯಲ್ಲಿರುವ ಬಟ್ಟೆಯನ್ನಲ್ಲ. ಬಟ್ಟೆ ಎಷ್ಟು ಬೇಕೆಂಬ ಅಂದಾಜು ನಾವು ಕೊಟ್ಟ ಅಗಲದ ಮೇಲೆ ನಿಂತಿದೆ. ಅಕ್ಕನಿಗೆ ಗುಳೇದಗುಡ್ಡದ ಖಣದಲ್ಲಿ ಪಂಜಗಳನ್ನು ಮಾಡುವ ಆಸೆ. ಒಂಬತ್ತು ಬ್ಲಾಕಿಗೆ 4½ ಇಂಚಿನ 36 ಚೌಕಗಳು ಬೇಕು. ಬಳಸಲು ಬರುವ ಅಗಲ 42 ಇಂಚು ಇರುವ ಬಟ್ಟೆಯಲ್ಲಿ ಅಡ್ಡಕ್ಕೆ ಒಂಬತ್ತು ಚೌಕ ಬರುತ್ತವೆ, ನಾಲ್ಕು ಸಾಲು ಸಾಕು, 18 ಇಂಚು ಉದ್ದ. ಖಣದ ಪನ್ನ ಅದಕ್ಕಿಂತ ಕಿರಿದು. 30 ಇಂಚು ಎಂದು ಹಿಡಿದರೆ ಅಡ್ಡಕ್ಕೆ ಆರೇ ಚೌಕ, ಆರು ಸಾಲು, 27 ಇಂಚು. ಒಂದೂವರೆ ಪಟ್ಟು. ಅಂದಾಜಿನ ಕಿಟಕಿಯಲ್ಲಿ ಅಗಲದ ಸಂಖ್ಯೆಯನ್ನು ಬದಲಿಸದೆ ಬಂದ ಉತ್ತರ ಹಿಡಿದು ಅಂಗಡಿಗೆ ಹೋಗಿದ್ದರೆ ಬಟ್ಟೆ ಸಾಲುತ್ತಿರಲಿಲ್ಲ. ಖಣದ ಮೇಲಿನ ಬುಟ್ಟಾ ಚಿತ್ತಾರಗಳು ಎಲ್ಲ ಒಂದೇ ದಿಕ್ಕಿಗೆ ಬರಬೇಕೆಂದರೆ ಇನ್ನಷ್ಟು ಬೇಕು, ಆ ಲೆಕ್ಕ ಹೊಲಿಯುವವರದೇ. ಯಾರ್ಡನ್ನು ಮೀಟರಿಗೆ ತಿರುಗಿಸುವುದನ್ನು ಮರೆಯಬೇಡಿ. ಒಂದು ಯಾರ್ಡ್ 0.9144 ಮೀಟರ್.

ತಂತ್ರಾಂಶದ ಕಲ್ಪನೆಗೇ ಹೊರಗಿರುವ ಹೊಲಿಗೆಗಳೂ ಇವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಯಲ್ಲಿ ಬ್ಲಾಕ್ ಎಂಬುದೇ ಇಲ್ಲ. ಅಂಚಿನಿಂದ ಹೊಲಿಗೆ ಶುರುವಾಗಿ, ತುಂಡಿನ ಮೇಲೆ ತುಂಡು ಸೇರಿಸುತ್ತ ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಯುತ್ತದೆ. ಮುಂದಿನ ತುಂಡು ಯಾವುದೆಂದು ಆ ಹೊತ್ತಿನ ಕೈ ನಿರ್ಧರಿಸುತ್ತದೆ. ಬ್ಲಾಕಿನಿಂದ ಹೊದಿಕೆ ಕಟ್ಟುವ ತಂತ್ರಾಂಶದ ಹೆಲ್ಪ್‌ನಲ್ಲಿ ಇದಕ್ಕೆ ಪುಟ ಇರಲು ಸಾಧ್ಯವಿಲ್ಲ. ಹುಡುಕಿ ಸಿಗದಿದ್ದರೆ ಹುಡುಕಿದವರ ತಪ್ಪೆಂದು ಯಾರೂ ಅಂದುಕೊಳ್ಳಬಾರದು. ಆ ಕೌದಿಯ ಫೋಟೊವನ್ನು ಇಮೇಜ್ ವರ್ಕ್‌ಟೇಬಲ್ಲಿಗೆ ತಂದು ಬಣ್ಣಗಳನ್ನು ಗಮನಿಸಬಹುದು. ಹೊಲಿಗೆಯ ಕ್ರಮ ಕಲಿಯಬೇಕಾದರೆ ಹೊಲಿಯುವವರ ಪಕ್ಕದಲ್ಲೇ ಕೂರಬೇಕು.

ಅಕ್ಕ ಈಗ ನೂರು ಪುಟದ ಒಂದು ನೋಟ್‌ಪುಸ್ತಕ ಇಟ್ಟಿದ್ದಾಳೆ. ಎಡಪುಟದಲ್ಲಿ ತನ್ನ ಮಾತಿನಲ್ಲಿ ಆದ ತೊಂದರೆ, ಬಲಪುಟದಲ್ಲಿ ಹೆಲ್ಪ್ ಅದನ್ನು ಕರೆಯುವ ಹೆಸರು, ಕೆಳಗೆ ಮಾಡಿದ ಪರಿಹಾರ. ಮೊದಲ ಪುಟದಲ್ಲಿ ಹೀಗಿದೆ: "ಗೆರೆ ಕಾಣೆ. ಸ್ನ್ಯಾಪ್. ಮನೆ ಎಷ್ಟೋ ಅದರ ಮಗ್ಗಿ." ಕಳೆದ ವಾರ ಮತ್ತೆ ಫೋನ್ ಮಾಡಿದಳು. ಮೂರನೆಯ ಪದರದಲ್ಲಿ ಅಮ್ಮನ ಕೌದಿಯ ಹಾಗೆ ಒತ್ತೊತ್ತಾದ ಉದ್ದ ಸಾಲುಗಳ ಹೊಲಿಗೆ ತೋರಿಸಲು ಬರುತ್ತದೆಯೇ ಎಂದು ಕೇಳುವುದಕ್ಕೆ. ಯಾವ ಹೆಸರಿನಲ್ಲಿ ಹುಡುಕಬೇಕು ಎಂದು ನಾನು ಯೋಚಿಸುತ್ತಿರುವಾಗಲೇ ಅವಳ ಕಡೆಯಿಂದ ಪುಟ ತಿರುವುವ ಸದ್ದು ಕೇಳಿತು. "ಇರು, ಪದಸೂಚಿಯಲ್ಲಿ ಸ್ಟೆನ್ಸಿಲ್ ಎಂದು ಇದೆ. ಅದನ್ನೇ ಮೊದಲು ನೋಡುತ್ತೇನೆ" ಎಂದು ಫೋನ್ ಇಟ್ಟಳು.